ಹೊಸ ಬ್ಯಾಟರಿ ಕೊಳ್ಳುವ ಮೊದಲು ಕರೆಂಟ್ ಎಲ್ಲಿ ಸೋರುತ್ತಿದೆ ನೋಡಿ

ನಿಲ್ಲಿಸಿದ ಕಾರಿನ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದೆ ಅಂತ ಗ್ಯಾರೇಜಿಗೆ ಹೋದರೆ "ಬ್ಯಾಟರಿ ಹೋಗಿದೆ, ಹೊಸದು ಹಾಕಿಬಿಡಿ" ಅಂತಾರೆ. ಅಲ್ಲೇ ಹೂಂ ಅನ್ನಬೇಡಿ. ನನ್ನ ಕಾರಿಗೂ ಹಾಗೇ ಹೊಸದು ಹಾಕಿ ಕಳಿಸಿದರು. ಕೆಲವೇ ದಿನ ನಿಂತಿದ್ದಕ್ಕೆ ಅದೂ ಮಲಗಿತು, ಕೀ ತಿರುಗಿಸಿದರೆ ಬರೀ ಟಕ್ ಟಕ್. ಮತ್ತೆ ಹೋಗಿ ಕೇಳಿದರೆ "ನೀವು ಗಾಡಿ ಓಡಿಸೋದೇ ಕಡಿಮೆ" ಅನ್ನೋ ಉತ್ತರ. ಬ್ಯಾಟರಿ ಚೆನ್ನಾಗಿದ್ದರೆ ಕಾರು ಒಂದೆರಡು ವಾರ ಸುಮ್ನೆ ನಿಂತರೂ ಸ್ಟಾರ್ಟ್ ಆಗಬೇಕು ಅಲ್ವಾ? ಒಬ್ಬರಾದರೂ ಮೀಟರ್ ಹಿಡಿದು ನೋಡಿರಲಿಲ್ಲ, ನನ್ನ ಸಿಟ್ಟೆಲ್ಲ ಅದಕ್ಕೇ.

ಲೆಕ್ಕ ಸುಲಭ. ಲಾಕ್ ಮಾಡಿ ನಿಲ್ಲಿಸಿದ ಕಾರೂ ಅಲಾರಂ, ಗಡಿಯಾರ ಅಂತ ಸ್ವಲ್ಪ ಕರೆಂಟ್ ಎಳೆಯುತ್ತದೆ. ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. ಅದೇ 600 ಮಿಲಿ ಆಂಪಿಯರ್ ಸೋರುತ್ತಿದ್ದರೆ 45 ಆಂಪಿಯರ್-ಅವರ್ (ಅಂದರೆ ಗಂಟೆಗೆ ಒಂದು ಆಂಪಿಯರ್‌ನಂತೆ 45 ಗಂಟೆ ಕೊಡುವಷ್ಟು) ಬ್ಯಾಟರಿ ಮೂರು ದಿನಕ್ಕೆ ಪೂರ್ತಿ ಖಾಲಿ. ಸ್ಟಾರ್ಟ್ ಆಗುವುದು ಅದಕ್ಕೂ ಮೊದಲೇ ನಿಂತುಹೋಗುತ್ತದೆ.

ಕೊನೆಗೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಸರಿಯಾಗಿ ನೋಡಿದರು. ಮೊದಲು ವೋಲ್ಟೇಜ್: ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಬಿಟ್ಟ ಬ್ಯಾಟರಿಯಲ್ಲಿ ಸುಮಾರು 12.6, ಎಂಜಿನ್ ಓಡುವಾಗ 14ರ ಆಸುಪಾಸು. ಎರಡೂ ಸರಿ ಇತ್ತು, ಅಂದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿತ್ತು, ಚಾರ್ಜಿಂಗೂ ಸರಿಯಾಗೇ ಇತ್ತು. ಆಮೇಲೆ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಟರ್ಮಿನಲ್‌ಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್‌ನಲ್ಲಿ ಸೇರಿಸಿದರು. ಬಾಗಿಲು ತೆರೆದೇ ಇಟ್ಟು ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದರು, ಬಾಗಿಲು ಹಾಕಿದೆ ಅಂತ ಕಾರು ನಂಬಲಿ ಅಂತ. ಕೀಯನ್ನು ದೂರ ಇಡಿಸಿದರು. ಕಾರಿನೊಳಗಿನ ಕಂಪ್ಯೂಟರ್‌ಗಳೆಲ್ಲ ನಿದ್ದೆಗೆ ಹೋಗಲು ಅರ್ಧ ಗಂಟೆ ಬೇಕಾಗಬಹುದು, ಕೂಡಲೇ ನೋಡಿದರೆ ಮೀಟರ್ ಸುಳ್ಳೇ ಗಾಬರಿ ಹುಟ್ಟಿಸುತ್ತದೆ. ನೀವೇ ಮಾಡುವುದಾದರೆ ಮೀಟರ್ ಸೇರಿಸಿರುವಾಗ ಸ್ಟಾರ್ಟ್ ಮಾಡಲು, ಹೆಡ್‌ಲೈಟ್ ಹಾಕಲು ಹೋಗಬೇಡಿ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.

ಕಾದು ನೋಡಿದರೂ 0.6 ಆಂಪಿಯರ್‌ನಿಂದ ಕೆಳಗೆ ಇಳಿಯಲೇ ಇಲ್ಲ. ಒಂದೊಂದೇ ಫ್ಯೂಸ್ ಕಿತ್ತು ನೋಡಿದರು, ಯಾವ ಫ್ಯೂಸ್ ಕಿತ್ತಾಗ ಮೀಟರ್ ಇಳಿಯುತ್ತದೋ ಆ ಲೈನ್‌ನಲ್ಲೇ ಸೋರಿಕೆ ಅನ್ನೋ ಲೆಕ್ಕ. ಎಲ್ಲ ಕಿತ್ತರೂ ಮೀಟರ್ ಅಲ್ಲಾಡಲಿಲ್ಲ! ಆಗ ಅವರು ಬ್ಯಾಟರಿಯ ಪಾಸಿಟಿವ್ ಹತ್ತಿರ ಬಗ್ಗಿ, ನೇರ ಒಳಗೆ ಹೋಗಿದ್ದ ಒಂದು ದಪ್ಪ ಕೆಂಪು ವೈರ್ ಹಿಡಿದುಕೊಂಡರು. ಮ್ಯೂಸಿಕ್ ಸಿಸ್ಟಮ್ ಹಾಕಿದವರು ಎಳೆದಿದ್ದು ಅದು, ಕಂಪನಿ ಫ್ಯೂಸ್ ಬಾಕ್ಸ್‌ಗೆ ಅದರ ಸುದ್ದಿಯೇ ಗೊತ್ತಿಲ್ಲ. ಸೀಟಿನ ಕೆಳಗೆ ಕೈ ಹಾಕಿ ಆ ಸಿಸ್ಟಮ್‌ನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಮುಟ್ಟಿ ನೋಡಿ ಅಂದರು. ಅಷ್ಟು ಹೊತ್ತಿನಿಂದ ಆಫ್ ಆಗಿದ್ದ ಕಾರಿನಲ್ಲಿ ಅದು ಬೆಚ್ಚಗಿತ್ತು. ಸ್ಟೀರಿಯೋ ಆನ್ ಆದಾಗ ಮಾತ್ರ ಆಂಪ್ಲಿಫೈಯರ್ ಎಬ್ಬಿಸಬೇಕಾದ ಸಣ್ಣ ರಿಮೋಟ್ ವೈರನ್ನು ಪುಣ್ಯಾತ್ಮರು ಯಾವಾಗಲೂ ಕರೆಂಟ್ ಇರುವ ಆ ಕೆಂಪು ವೈರ್‌ಗೇ ಸುತ್ತಿ ಟೇಪ್ ಹಾಕಿಬಿಟ್ಟಿದ್ದರು. ಅದನ್ನು ಬಿಚ್ಚಿದ ಮೇಲೆ ಮೀಟರ್ 0.03ಕ್ಕೆ ಇಳಿಯಿತು.

ಎಲ್ಲರದ್ದೂ ಇದೇ ಕಾರಣ ಇರಬೇಕಿಲ್ಲ. ಮುಚ್ಚಿದ ಮೇಲೂ ಉರಿಯುವ ಡಿಕ್ಕಿ ಲೈಟ್, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಅಂಟಿಕೊಂಡು ಆಫ್ ಆಗದ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಯಾವುದೂ ಆಗಬಹುದು. ಫ್ಯೂಸ್ ಕಿತ್ತರೂ ಸೋರಿಕೆ ನಿಲ್ಲದಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಮೇಲೂ ಒಂದು ಕಣ್ಣಿರಲಿ.

ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಜಂಪ್ ಸ್ಟಾರ್ಟ್ ಮಾಡಿ ದಿನ ತಳ್ಳಬೇಡಿ. ಹೀಗೆ ಪೂರ್ತಿ ಖಾಲಿಯಾದಷ್ಟೂ ಬ್ಯಾಟರಿಯ ಒಳಗಿನ ಪ್ಲೇಟ್‌ಗಳ ಮೇಲೆ ಗಟ್ಟಿ ಸಲ್ಫೇಟ್ ಕೂರುತ್ತದೆ, ಹೊಸ ಬ್ಯಾಟರಿಯೂ ಬೇಗ ಮುದಿಯಾಗುತ್ತದೆ. ನನ್ನದು ಈಗಲೇ ಮೊದಲಿನಷ್ಟು ಚಾರ್ಜ್ ಹಿಡಿಯುತ್ತಿಲ್ಲ. ವಾರಂಟಿ ಕೇಳಿದರೆ ತಪ್ಪು ಕಾರಿನ ವೈರಿಂಗ್‌ನದು, ಬ್ಯಾಟರಿಯದ್ದಲ್ಲ ಅಂತ ಅದೇ ಗ್ಯಾರೇಜಿನವರು ಈಗ ಹೇಳುತ್ತಿದ್ದಾರೆ.