ಹಾಯಿದೋಣಿಯ ಕುಡಿಯುವ ನೀರು: ಕಾರ್ಬನ್, ಕ್ಯಾಂಡಲ್, ಯುವಿ, ವಾಟರ್‌ಮೇಕರ್ – ಯಾವುದು ಎಲ್ಲಿ ಕೈಕೊಡುತ್ತದೆ?

ಲಂಗ್ಕಾವಿಯಿಂದ ಹೊರಟು ಅಂಡಮಾನ್, ಶ್ರೀಲಂಕಾದ ಗಾಲೆ, ಮಾಲ್ಡೀವ್ಸ್ ಕಡೆಗೆ ಸಾಗುವ ಹಾಯಿದೋಣಿಗಳು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ನಡುವಿನ ಈಶಾನ್ಯ ಮಾರುತ ಹಿಡಿಯುತ್ತವೆ. ಗಾಳಿ ಒಳ್ಳೆಯದು, ಮಳೆ ಕಡಿಮೆ. ನೀರು ಬಂದರಿನ ನಲ್ಲಿಯಿಂದ ಬರಬೇಕು, ಇಲ್ಲವೇ ಕ್ಯಾನಿನಲ್ಲಿ ತುಂಬಿ, ದಡಕ್ಕೆ ಹೋಗಿಬರುವ ಸಣ್ಣ ದೋಣಿಯಲ್ಲಿ (ಡಿಂಗಿ) ತರಬೇಕು, ಅದೂ ಇಲ್ಲದಿದ್ದರೆ ವಾಟರ್‌ಮೇಕರ್ ಎಂಬ ಯಂತ್ರದಿಂದ ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿಕೊಳ್ಳಬೇಕು. ಹಾಗೆ ಬಂದ ನೀರು 28–30 ಡಿಗ್ರಿ ಬಿಸಿಯಲ್ಲಿ ವಾರಗಟ್ಟಲೆ ಟ್ಯಾಂಕಿನಲ್ಲೇ ಕೂತಿರುತ್ತದೆ. ಹಾಗಾಗಿ ಯಾವ ಫಿಲ್ಟರ್ ಕೊಳ್ಳಬೇಕು ಎಂದು ಯೋಚಿಸುವ ಮೊದಲೇ ಒಂದು ವಿಷಯ ತೀರ್ಮಾನವಾಗಬೇಕು: ಕ್ಲೋರಿನ್ ಎಲ್ಲಿಯವರೆಗೆ ಉಳಿಯಬೇಕು, ಎಲ್ಲಿ ತೆಗೆಯಬೇಕು. ನಾಲ್ಕು ವ್ಯವಸ್ಥೆಗಳನ್ನೂ ಬಳಸಿದ ಮೇಲೆ ನಮಗೆ ಕಂಡದ್ದು ಇಷ್ಟು: ಈ ತೀರ್ಮಾನ ಸರಿಯಿದ್ದರೆ ಅಗ್ಗದ ಫಿಲ್ಟರ್ ಸಾಕು, ತಪ್ಪಿದ್ದರೆ ದುಬಾರಿಯದೂ ಸಾಲದು.

ಕೆಳಗಿನ ಲೆಕ್ಕಗಳೆಲ್ಲ 200 ಲೀಟರಿನ ಪಾಲಿಎಥಿಲೀನ್ ಟ್ಯಾಂಕ್, 12 ವೋಲ್ಟ್ ಪ್ರೆಶರ್ ಪಂಪ್ ಇರುವ ದೋಣಿಗೆ.

ಕ್ಲೋರಿನ್ ಟ್ಯಾಂಕಿನಲ್ಲಿ, ಕಾರ್ಬನ್ ನಲ್ಲಿಯಲ್ಲಿ

ನಮ್ಮ ಮೊದಲ ಆಯ್ಕೆ ಇದೇ. ಸುವಾಸನೆ ಬೆರೆಸದ, ಗಟ್ಟಿ ಮಾಡದ ಸಾದಾ ಬ್ಲೀಚ್ ಬೇಕು. 5% ಸೋಡಿಯಂ ಹೈಪೋಕ್ಲೋರೈಟ್‌ನ ಒಂದು ಮಿಲಿಲೀಟರಿನಲ್ಲಿ ಹೆಚ್ಚುಕಮ್ಮಿ 50 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. 200 ಲೀಟರ್ ನೀರನ್ನು ಲೀಟರಿಗೆ 2 ಮಿಲಿಗ್ರಾಂ ಮಟ್ಟಕ್ಕೆ ತರಲು 8 ಮಿಲಿಲೀಟರ್ ಸಾಕು, ಸಿರಿಂಜಿನಲ್ಲಿ ಅಳೆದು ಹಾಕಿ. ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷಾ ಪಟ್ಟಿ ಅದ್ದಿ ನೋಡಿದಾಗ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಉಳಿದಿರಬೇಕು. ಉಳಿದಿಲ್ಲ ಎಂದರೆ ನೀರಿನಲ್ಲಿನ ಅಥವಾ ಟ್ಯಾಂಕಿನ ಗೋಡೆಯ ಕೊಳೆ ಅದನ್ನು ತಿಂದುಹಾಕಿದೆ ಎಂದರ್ಥ. ಮತ್ತೆ ಅರ್ಧ ಡೋಸ್ ಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ ಟ್ಯಾಂಕ್ ತೊಳೆಯುವ ಸಮಯ ಬಂದಿದೆ.

ಬ್ಲೀಚ್ ಬಾಟಲಿಯ ಮೇಲೆ ಬರೆದ ಶೇಕಡಾವನ್ನು ಉಷ್ಣ ವಲಯದಲ್ಲಿ ನಂಬುವ ಹಾಗಿಲ್ಲ. ಅಂಗಡಿಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಇದ್ದ ಬಾಟಲಿಯ ಶಕ್ತಿ ಎಷ್ಟೋ ಇಳಿದಿರುತ್ತದೆ. ಅದಕ್ಕೇ ಡೋಸ್ ಲೆಕ್ಕಕ್ಕಿಂತ ಪರೀಕ್ಷಾ ಪಟ್ಟಿಯ ಮಾತು ಕೇಳಬೇಕು. ಊರಿನಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಒಣಗಿದ್ದರೆ ಹೆಚ್ಚು ಕಾಲ ಉಳಿಯುತ್ತದೆ, ನಿಜ. ಆದರೆ ಅದರ ಸುಣ್ಣದ ಗಸಿ ಟ್ಯಾಂಕಿನ ತಳದಲ್ಲಿ ಕೂತು, ದೋಣಿ ಕುಲುಕಿದಾಗಲೆಲ್ಲ ಎದ್ದು ಫಿಲ್ಟರ್ ಕಟ್ಟಿಸುತ್ತದೆ. ಬಳಸಲೇಬೇಕಾದರೆ ಬಕೆಟ್ಟಿನಲ್ಲಿ ಕಲಕಿ, ಗಸಿ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಹಾಕಿ.

ಕುಡಿಯುವ ನಲ್ಲಿಗೆ ಹೋಗುವ ಕೊಳವೆಯಲ್ಲಿ 10 ಇಂಚಿನ ಹೌಸಿಂಗ್ (ಕಾರ್ಟ್ರಿಡ್ಜ್ ಕೂರುವ ಡಬ್ಬಿ) ಎರಡು: ಮೊದಲು ಮಣ್ಣಿನ ಕಣ ಹಿಡಿಯುವ 5 ಮೈಕ್ರಾನಿನ ಸೆಡಿಮೆಂಟ್ ಕಾರ್ಟ್ರಿಡ್ಜ್, ಆಮೇಲೆ 0.5 ಮೈಕ್ರಾನಿನ ಕಾರ್ಬನ್ ಬ್ಲಾಕ್. ಈ ಜೋಡಿಯ ಲಾಭ ಇಲ್ಲಿದೆ: ಕ್ಲೋರಿನ್ ಬ್ಯಾಕ್ಟೀರಿಯಾ, ವೈರಸ್‌ಗಳನ್ನು ಕೊಲ್ಲುತ್ತದೆ, ಆದರೆ ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರಾವಲಂಬಿ ಅದಕ್ಕೆ ಜಗ್ಗುವುದಿಲ್ಲ. ಕಾರ್ಬನ್ ಬ್ಲಾಕಿಗೆ ವೈರಸ್ ತಡೆಯಲಾಗದು, ಕ್ರಿಪ್ಟೊದ ಕೋಶವನ್ನು ಮಾತ್ರ ಅದು ತಡೆದುಬಿಡುತ್ತದೆ. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಕೊಳ್ಳುವಾಗ ಕಾರ್ಟ್ರಿಡ್ಜಿಗೆ ಸಿಸ್ಟ್ (ಇಂಥ ಪರಾವಲಂಬಿಗಳ ಕೋಶ) ತಡೆಯುವ ಪ್ರಮಾಣಪತ್ರ ಇದೆಯೇ ನೋಡಿ. ಬರೀ ‘ನಾಮಿನಲ್ 0.5’ ಎಂದಿದ್ದರೆ ಕೆಲವನ್ನು ಬಿಡುತ್ತದೆ ಎಂದೇ ತಿಳಿಯಿರಿ.

ಇಲ್ಲಿ ಹೆಚ್ಚಿನವರು ಎಡವುವುದು ಹರಿವಿನಲ್ಲಿ. ದೋಣಿಯ ಪಂಪ್ ನಿಮಿಷಕ್ಕೆ ಹತ್ತು ಲೀಟರಿಗೂ ಹೆಚ್ಚು ತಳ್ಳಬಲ್ಲದು, ಕಾರ್ಬನ್ ಬ್ಲಾಕ್ ಸರಿಯಾಗಿ ಕೆಲಸ ಮಾಡುವುದು 3–4 ಲೀಟರಿನಲ್ಲಿ. ಇಡೀ ದೋಣಿಯ ನೀರನ್ನು ಅದರ ಮೂಲಕ ಹಾಯಿಸಿದರೆ ಕಾರ್ಬನ್ ಬೇಗ ಮುಗಿಯುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಮುಂದಿನ ಎಲ್ಲ ಕೊಳವೆಗಳಲ್ಲೂ ಕ್ಲೋರಿನ್ ಇಲ್ಲದ ನೀರು ನಿಂತು ಲೋಳೆ ಕಟ್ಟುತ್ತದೆ. ಕುಡಿಯಲು, ಅಡುಗೆಗೆ ಬೇರೆ ಸಣ್ಣ ನಲ್ಲಿ ಇಡಿ. ಕಾಲಿನಲ್ಲಿ ಒತ್ತುವ ಪಂಪಿದ್ದರೆ ಇನ್ನೂ ಒಳ್ಳೆಯದು, ಆದರೆ ಫಿಲ್ಟರ್ ಅದರ ಹೊರಹರಿವಿನ ಕಡೆಗಿರಲಿ. ಎಳೆಯುವ ಕಡೆ ಹಾಕಿದರೆ ಹೌಸಿಂಗಿನ ಓ-ರಿಂಗ್ ಸಂದಿಯಿಂದ ಗಾಳಿ ಎಳೆದು ಪಂಪ್ ಬರಿದೇ ಒತ್ತುತ್ತದೆ.

ಕಾರ್ಬನ್ ಮುಗಿದಿದೆಯೇ ಎಂದು ರುಚಿ ನೋಡಿ ಹೇಳಲಾಗದು. ನಲ್ಲಿಯ ನೀರಿಗೆ ಕ್ಲೋರಿನ್ ಪಟ್ಟಿ ಅದ್ದಿ: ಟ್ಯಾಂಕಿನಲ್ಲಿ ಬಣ್ಣ ತೋರಿಸಿ ನಲ್ಲಿಯಲ್ಲಿ ಸೊನ್ನೆ ತೋರಿಸಿದರೆ ಕಾರ್ಟ್ರಿಡ್ಜ್ ಜೀವಂತವಿದೆ. ನಲ್ಲಿಯಲ್ಲೂ ಬಣ್ಣ ಬಂದ ದಿನ ಬದಲಾಯಿಸಿ. ಬಾರದಿದ್ದರೂ ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಬಿಸಿ ಹವೆಯಲ್ಲಿ ನಾಲ್ಕೇ ಸಾಕು. ಹೊಸದರಲ್ಲಿ ಮೊದಲ ಐದಾರು ಲೀಟರ್ ಕಪ್ಪು ಪುಡಿ ಬರುತ್ತದೆ, ಚೆಲ್ಲಿಬಿಡಿ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ. ಪಾರದರ್ಶಕ ಹೌಸಿಂಗ್ ನೋಡಲು ಚೆಂದ, ಬೆಳಕು ಬೀಳುವ ಜಾಗದಲ್ಲಿದ್ದರೆ ಪಾಚಿಗೂ ಅಷ್ಟೇ ಚೆಂದ. ಬೌಲ್ ಬಿಚ್ಚಿ ಕಾರ್ಟ್ರಿಡ್ಜ್ ಎಳೆಯಲು ಕೆಳಗೆ ಖಾಲಿ ಜಾಗ ಬಿಡುವುದನ್ನು ಮರೆಯಬೇಡಿ. ದೋಣಿ ಬಿಟ್ಟು ದಡಕ್ಕೆ ಹೋಗುವಾಗ ಪಂಪಿನ ಸ್ವಿಚ್ ಆಫ್ ಇರಲಿ. ಹೌಸಿಂಗ್ ಬಿರುಕು ಬಿಟ್ಟರೆ ಪಂಪ್ ಇಡೀ ಟ್ಯಾಂಕನ್ನು ದೋಣಿಯ ತಳದ ಬಿಲ್ಜ್‌ಗೆ ಸುರಿದು, ಆಮೇಲೂ ಓಡುತ್ತಲೇ ಇರುತ್ತದೆ.

ಬಂದರಿನಲ್ಲಿ ನೀರು ತುಂಬುವಾಗಲೇ ಪೈಪಿಗೆ ಕಾರ್ಬನ್ ಫಿಲ್ಟರ್ ಸಿಕ್ಕಿಸುವ ರೂಢಿ ಬಹಳ ದೋಣಿಗಳಲ್ಲಿದೆ. ನಮಗೆ ಇದು ಒಪ್ಪಿಗೆಯಿಲ್ಲ. ಊರಿನವರು ದುಡ್ಡು ಕೊಟ್ಟು ಹಾಕಿದ ಕ್ಲೋರಿನ್ನನ್ನು ಟ್ಯಾಂಕಿನ ಬಾಯಲ್ಲೇ ಕಳೆದುಕೊಂಡ ಹಾಗಾಯಿತು. ಪೈಪಿಗೆ 5 ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್ ಸಾಕು. ಪೈಪ್ ನಿಮ್ಮದೇ ಆಗಿರಲಿ, ಬಿಸಿಲಿನಲ್ಲಿ ಬಿದ್ದಿದ್ದ ನೀರು ಪೂರ್ತಿ ಹೊರಹೋಗುವ ತನಕ ಬಿಟ್ಟು ಆಮೇಲೆ ತುಂಬಿ.

ಕ್ಯಾಂಡಲ್

ನಮ್ಮ ಮನೆಗಳ ಸ್ಟೀಲ್ ಫಿಲ್ಟರಿನಲ್ಲಿ ಇರುತ್ತಿದ್ದ ಸೆರಾಮಿಕ್ ಕ್ಯಾಂಡಲ್ಲಿನ ಜಾತಿಯೇ ಇದು. ಡೌಲ್ಟನ್ ತರಹದವು ದೋಣಿಯ ಸಿಂಕ್ ಕೆಳಗೂ ಕೂರುತ್ತವೆ. ಬ್ಯಾಕ್ಟೀರಿಯಾ, ಸಿಸ್ಟ್ ಎರಡನ್ನೂ ಚೆನ್ನಾಗಿ ಹಿಡಿಯುತ್ತದೆ, ಉಜ್ಜಿ ಮತ್ತೆ ಮತ್ತೆ ಬಳಸಬಹುದು. ಬಿಡಿಭಾಗ ಸಿಗದ ದ್ವೀಪಗಳಲ್ಲಿ ಇದು ದೊಡ್ಡ ಅನುಕೂಲ. ಕಲಕು ನೀರು ಬಂದರೆ ಮಾತ್ರ ಎರಡು ದಿನಕ್ಕೊಮ್ಮೆ ಉಜ್ಜುವ ಕೆಲಸ ಹಚ್ಚುತ್ತದೆ. ವೈರಸ್ ತಡೆಯುವುದಿಲ್ಲ.

ಅಲೆಗೆ ದೋಣಿಯ ಮುಂಭಾಗ ಬಡಿಯುವಾಗ ಕ್ಯಾಂಡಲ್ಲಿಗೆ ಕಣ್ಣಿಗೆ ಕಾಣದ ಬಿರುಕು ಬರುವುದುಂಟು, ಹೆಚ್ಚಾಗಿ ಪ್ಲಾಸ್ಟಿಕ್ ತಳಕ್ಕೆ ಅಂಟಿದ ಕಡೆ. ಪರೀಕ್ಷೆ ಸುಲಭ: ಕ್ಯಾಂಡಲ್ ಚೆನ್ನಾಗಿ ನೆನೆದ ಮೇಲೆ ನೀರಿನಲ್ಲಿ ಮುಳುಗಿಸಿ, ಅದರ ಮೂತಿಗೆ ಸಣ್ಣ ಕೊಳವೆ ಹಾಕಿ ಊದಿ. ಒಂದೇ ಜಾಗದಿಂದ ಗುಳ್ಳೆ ಸಾಲಾಗಿ ಬಂದರೆ ಎಸೆಯಿರಿ. ಗುರುತ್ವದಲ್ಲಿ ಇಳಿಯುವ ಎರಡು ಪಾತ್ರೆಯ ಮಾದರಿ ಲಂಗರು ಹಾಕಿದಾಗ ಸರಿ. 20 ಡಿಗ್ರಿ ವಾಲಿ ಓಡುವಾಗ ಮೇಲಿನ ಪಾತ್ರೆ ಅಡುಗೆಮೂಲೆಯ ನೆಲಕ್ಕೆ ಇಳಿಯುತ್ತದೆ.

ಯುವಿ

ಅತಿನೇರಳೆ ಬೆಳಕಿನಿಂದ ಸೂಕ್ಷ್ಮಜೀವಿ ಕೊಲ್ಲುವ ವಿಧಾನ, ತಿಳಿ ನೀರಿಗೆ ಅತ್ಯುತ್ತಮ. ಕ್ರಿಪ್ಟೊವನ್ನೂ ನಿಷ್ಕ್ರಿಯಗೊಳಿಸುತ್ತದೆ, ರುಚಿ ಬದಲಾಗದು. ಹಳೆಯ ಪಾದರಸ ದೀಪದ್ದು ಸದಾ ಉರಿಯುತ್ತಿರಬೇಕು, ಬ್ಯಾಟರಿಗೆ ಭಾರ, ವರ್ಷಕ್ಕೊಮ್ಮೆ ದೀಪ ಬದಲಿಸಬೇಕು. ನೀರು ಹರಿದಾಗ ಮಾತ್ರ ಹತ್ತುವ ಎಲ್‌ಇಡಿ ಮಾದರಿ ದೋಣಿಗೆ ಹೊಂದುತ್ತದೆ, ಬೆಲೆ ಮಾತ್ರ ಕಣ್ಣು ಕುಕ್ಕುವಂಥದ್ದು. ನೀರು ಕಲಕಾಗಿದ್ದರೆ ಕಣದ ನೆರಳಿನಲ್ಲಿ ಸೂಕ್ಷ್ಮಜೀವಿ ಬಚಾವಾಗುತ್ತದೆ, ಆದ್ದರಿಂದ ಯುವಿಗೂ ಮೊದಲು 5 ಮೈಕ್ರಾನ್ ಫಿಲ್ಟರ್ ಇರಲೇಬೇಕು. ಯುವಿ ದಾಟಿದ ನೀರಿಗೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಯುವಿ ಇಟ್ಟು ಟ್ಯಾಂಕಿನ ಕ್ಲೋರಿನ್ ನಿಲ್ಲಿಸಿದ ದೋಣಿಗಳಲ್ಲಿ ನಲ್ಲಿಯ ಬಾಯಲ್ಲಿ ಗುಲಾಬಿ ಲೋಳೆ ಕಾಣುವುದು ಮಾಮೂಲು.

ವಾಟರ್‌ಮೇಕರ್

ಮನೆಯ ಆರ್‌ಒ ನೋಡಿದವರಿಗೆ ಇದು ಅದೇ ಅನ್ನಿಸಬಹುದು. ತತ್ವ ಅದೇ, ಒತ್ತಡ ಬೇರೆ. ಲೀಟರಿಗೆ 35 ಗ್ರಾಂ ಉಪ್ಪಿರುವ ಸಮುದ್ರದ ನೀರನ್ನು ಮೆಂಬ್ರೇನ್ (ಉಪ್ಪು ತಡೆಯುವ ಪೊರೆ) ದಾಟಿಸಲು ಸುಮಾರು 55 ಬಾರ್, ಅಂದರೆ 800 ಪಿಎಸ್‌ಐ ಬೇಕು. ಕಟಾಡಿನ್‌ನ ಪವರ್‌ಸರ್ವೈವರ್ 40ಇ ಗಂಟೆಗೆ 5.7 ಲೀಟರ್ ಕೊಟ್ಟು 4 ಆಂಪ್ ತಿನ್ನುತ್ತದೆ. ವ್ಯರ್ಥ ನೀರಿನ ಒತ್ತಡವನ್ನೇ ಮರುಬಳಸುವ ಕ್ಲಾರ್ಕ್ ಪಂಪ್ ಇರುವ ಸ್ಪೆಕ್ಟ್ರಾ ಮಾದರಿಗಳು ಗಂಟೆಗೆ 20 ಲೀಟರಿಗೂ ಮೇಲೆ, ಸುಮಾರು 9 ಆಂಪಿನಲ್ಲಿ. ಲೀಟರ್ ಲೆಕ್ಕದಲ್ಲಿ ದೊಡ್ಡದರ ಖರ್ಚು ಹೆಚ್ಚುಕಮ್ಮಿ ಅರ್ಧ. ಸಣ್ಣದರ ಬಲ ಬೇರೆ ಕಡೆ ಇದೆ: ಕರೆಂಟ್ ಸತ್ತರೂ ಹಿಡಿಕೆ ಹಾಕಿ ಕೈಯಲ್ಲೇ ಓಡಿಸಬಹುದು.

ಪ್ರತಿ ಸಲ ಶುರು ಮಾಡಿದಾಗ ಮೊದಲ ಕೆಲವು ನಿಮಿಷದ ನೀರನ್ನು ಮೂರು ದಾರಿಯ ವಾಲ್ವಿನಿಂದ ಹೊರಗೆ ಬಿಡಿ. ಟಿಡಿಎಸ್ (ಲೀಟರ್ ನೀರಿನಲ್ಲಿ ಕರಗಿದ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) 500ಕ್ಕಿಂತ ಕೆಳಗೆ ಇಳಿದು ನಿಂತ ಮೇಲೆ ಟ್ಯಾಂಕಿಗೆ ತಿರುಗಿಸಿ. ಬಂದರಿನೊಳಗೆ ಓಡಿಸಬೇಡಿ, ಎಣ್ಣೆ ಮೆಂಬ್ರೇನ್ ಸೇರಿದರೆ ತೊಳೆದು ತೆಗೆಯಲಾಗದು. ನಿಲ್ಲಿಸಿದ ಮೇಲೆ ಸಿಹಿನೀರಿನಿಂದ ಫ್ಲಶ್ ಮಾಡದಿದ್ದರೆ ಮೆಂಬ್ರೇನಿಗೂ ಮೊದಲಿನ ಫಿಲ್ಟರಿನಲ್ಲಿ ಸಿಕ್ಕ ಪ್ಲಾಂಕ್ಟನ್ (ಸಮುದ್ರದ ಸೂಕ್ಷ್ಮ ಜೀವಿಗಳು) ಸತ್ತು, ಎರಡು ದಿನದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಬಳಸದಿದ್ದಾಗಲೂ ಐದರಿಂದ ಏಳು ದಿನಕ್ಕೊಮ್ಮೆ ಫ್ಲಶ್ ಬೇಕು. ಆ ನೀರನ್ನೂ ದಿನದ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೆಂಬ್ರೇನ್ ಪಾಲಿಅಮೈಡಿನದ್ದು, ಕ್ಲೋರಿನ್ ತಾಗಿದರೆ ಹಾಳಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಅದಕ್ಕೆ ಹೆದರಿ ಟ್ಯಾಂಕಿಗೆ ಕ್ಲೋರಿನ್ನೇ ಹಾಕದವರಿದ್ದಾರೆ. ಆದರೆ ವಾಟರ್‌ಮೇಕರ್ ಕೊಡುವ ನೀರಿನಲ್ಲಿ ಕ್ಲೋರಿನ್ ಇರುವುದೇ ಇಲ್ಲ, ಬಿಸಿ ಟ್ಯಾಂಕಿನಲ್ಲಿ ಅದು ಕೆಡದಂತೆ ಕಾಯುವುದು ಏನೂ ಇಲ್ಲ. ಟ್ಯಾಂಕಿಗೆ ಡೋಸ್ ಹಾಕಿ, ಫ್ಲಶ್ ಕೊಳವೆಯಲ್ಲಿ ಪ್ರತ್ಯೇಕ ಕಾರ್ಬನ್ ಕಾರ್ಟ್ರಿಡ್ಜ್ ಇಡಿ, ಪ್ರತಿ ಫ್ಲಶ್‌ಗೆ ಮೊದಲು ಅದನ್ನು ದಾಟಿದ ನೀರಿಗೆ ಪಟ್ಟಿ ಅದ್ದಿ. ಬಣ್ಣ ಬಂದರೆ ಫ್ಲಶ್ ನಿಲ್ಲಿಸಿ, ಮೊದಲು ಕಾರ್ಟ್ರಿಡ್ಜ್ ಬದಲಿಸಿ.

ವಾಟರ್‌ಮೇಕರ್ ಒಂದೇ ಎಂದು ನಂಬಿ ದೂರ ಹೊರಡುವುದು ಮಾತ್ರ ಬೇಡ. ತಲೆಗೆ ದಿನಕ್ಕೆ 3 ಲೀಟರ್, ಅಂದಾಜು ದಿನಗಳ ಒಂದೂವರೆ ಪಟ್ಟು – ಇಷ್ಟನ್ನು ಟ್ಯಾಂಕಿಗೆ ಸೇರಿಸದೆ ಕ್ಯಾನ್‌ಗಳಲ್ಲಿ ಬೇರೆ ಇಡಿ.

ಫಿಲ್ಟರಿನ ಮೇಲೆ ಬೀಳುವ ಬೇರೆಯವರ ತಪ್ಪು

ನೀರು ಉಪ್ಪುಪ್ಪಾದರೆ ಎಲ್ಲರೂ ಮೊದಲು ಮೆಂಬ್ರೇನ್ ಬೈಯುತ್ತಾರೆ. ಡೆಕ್ ಮೇಲಿನ ತುಂಬುವ ಮುಚ್ಚಳದ ಓ-ರಿಂಗ್ ನೋಡಿ. 200 ಲೀಟರಿನ ಟ್ಯಾಂಕಿನ ಟಿಡಿಎಸ್ 150ರಿಂದ 600ಕ್ಕೆ ಏರಲು ಎರಡೂವರೆ ಲೀಟರ್ ಸಮುದ್ರದ ನೀರು ಸಾಕು, ಒರಟು ಸಮುದ್ರದಲ್ಲಿ ಒಂದು ರಾತ್ರಿ ಡೆಕ್ ತೊಳೆದರೆ ಅಷ್ಟು ಇಳಿಯುತ್ತದೆ. ಓ-ರಿಂಗ್ ಸರಿಯಿದ್ದರೆ ಟ್ಯಾಂಕಿನ ಗಾಳಿ ಕೊಳವೆ ಎಲ್ಲಿ ತೆರೆದುಕೊಳ್ಳುತ್ತದೆ ಹುಡುಕಿ. ದೋಣಿಯ ಒಡಲಿನ (ಹಲ್) ಹೊರಬದಿಯಲ್ಲಿದ್ದರೆ ವಾಲಿದಾಗ ಮುಳುಗುತ್ತದೆ.

ಟ್ಯಾಂಕ್ ಪೂರ್ತಿ ತೊಳೆಯುವಾಗ ಲೀಟರಿಗೆ 50 ಮಿಲಿಗ್ರಾಂ, ಅಂದರೆ 200 ಲೀಟರಿಗೆ 200 ಮಿಲಿಲೀಟರ್ ಬ್ಲೀಚ್. ಕಾರ್ಬನ್ ಕಾರ್ಟ್ರಿಡ್ಜ್ ಮೊದಲೇ ತೆಗೆದು ಖಾಲಿ ಹೌಸಿಂಗನ್ನೇ ಮತ್ತೆ ತಿರುಗಿಸಿ ಕೂರಿಸಿ, ಇಲ್ಲದಿದ್ದರೆ ಮುಂದಿನ ಕೊಳವೆಗೆ ಕ್ಲೋರಿನ್ ತಲುಪುವುದೇ ಇಲ್ಲ. ವಾಟರ್‌ಮೇಕರಿನ ಫ್ಲಶ್ ವಾಲ್ವ್ ಮುಚ್ಚಿ. ಪ್ರತಿ ನಲ್ಲಿಯನ್ನೂ, ಬಿಸಿನೀರಿನದ್ದನ್ನೂ, ವಾಸನೆ ಬರುವ ತನಕ ಬಿಡಿ. ನಾಲ್ಕು ಗಂಟೆ ಬಿಟ್ಟು ಖಾಲಿ ಮಾಡಿ ಎರಡು ಸಲ ಜಾಲಿಸಿ. ಅಲ್ಯೂಮಿನಿಯಂ ಟ್ಯಾಂಕಿಗೆ ಈ ಪ್ರಮಾಣ ಬೇಡ, ಲೋಹವನ್ನೇ ಕೊರೆಯುತ್ತದೆ. ಕೈ ಹೋಗುವ ಮುಚ್ಚಳ ತೆಗೆದು ಬ್ರಶ್ಶಿನಿಂದ ಉಜ್ಜಿ. ಸ್ಟೀಲಿನಲ್ಲೂ ರಾತ್ರಿಯಿಡೀ ಬಿಡಬಾರದು.

ದೋಣಿಯನ್ನು ತಿಂಗಳುಗಟ್ಟಲೆ ಬಿಟ್ಟು ಊರಿಗೆ ಬರುವವರು ಕಾರ್ಬನ್ ಕಾರ್ಟ್ರಿಡ್ಜ್ ತೆಗೆದು ಎಸೆಯಲಿ, ಒಣಗಿಸಿ ಮತ್ತೆ ಹಾಕುವ ಆಸೆ ಬೇಡ. ಕ್ಯಾಂಡಲ್ ಉಜ್ಜಿ, ಪೂರ್ತಿ ಒಣಗಿಸಿ, ಬಟ್ಟೆ ಸುತ್ತಿ ಇಡಬಹುದು. ಮೆಂಬ್ರೇನ್ ಮಾತ್ರ ಒಣಗಬಾರದು: ಸಿಹಿನೀರಿನಲ್ಲಿ ಫ್ಲಶ್ ಮಾಡಿ, ತಯಾರಕರು ಹೇಳಿದ ರಕ್ಷಕ ದ್ರಾವಣ – ಹೆಚ್ಚಾಗಿ ಸೋಡಿಯಂ ಮೆಟಾಬೈಸಲ್ಫೈಟ್ – ತುಂಬಿ ವಾಲ್ವ್ ಮುಚ್ಚಿ, ತುಂಬಿದ ತಾರೀಕನ್ನು ಟೇಪಿನ ಮೇಲೆ ಬರೆದು ಪಂಪಿಗೆ ಅಂಟಿಸಿ.