ಕನ್ನಡದ ಹಳೇ ಪುಸ್ತಕ ಎಲ್ಲಿಗೆ ಹಾಕೋದು: ಡ್ರೈವ್, ಆರ್ಕೈವ್, ವಿಕಿಸೋರ್ಸ್

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಿಕ್ಕ, ಮತ್ತೆ ಅಚ್ಚಾಗದ ಪುಸ್ತಕವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡಲು ಮೂರು ದಾರಿ ಬಳಸಿ ನೋಡಿದ್ದೇವೆ: ಗೂಗಲ್ ಡ್ರೈವ್, ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಭಂಡಾರ, ವಿಕಿಪೀಡಿಯದ ಸೋದರ ತಾಣವಾದ ವಿಕಿಸೋರ್ಸ್. ಮೊದಲು ಆರ್ಕೈವ್, ಆಮೇಲೆ ವಿಕಿಸೋರ್ಸ್ ಅನ್ನುವುದೇ ನಮ್ಮ ಸಲಹೆ.

ಯಾವುದಕ್ಕೂ ಮುಂಚೆ ಕಾಪಿರೈಟ್ ನೋಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಆಲೂರು ವೆಂಕಟರಾಯರು ತೀರಿಕೊಂಡದ್ದು 1964ರಲ್ಲಿ. ಅವರ ಬರಹ 2025ರ ಜನವರಿ 1ಕ್ಕೆ ಮುಕ್ತವಾಯಿತು. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಹಾಗಾಗಿ 2035 ಮುಗಿಯುವ ತನಕ ಹಕ್ಕುದಾರರ ಒಪ್ಪಿಗೆ ಬೇಕು. ಮುನ್ನುಡಿ ಬೇರೆಯವರದಾದರೆ ಅದರ ಲೆಕ್ಕವೂ ಬೇರೆ.

ಗೂಗಲ್ ಡ್ರೈವ್ ವಾಟ್ಸಾಪ್ ಗುಂಪಿಗೆ ಕೊಂಡಿ ಕಳಿಸುವಷ್ಟಕ್ಕೆ ಸರಿ. ಕೊಂಡಿ ಇಲ್ಲದವರಿಗೆ ಪುಸ್ತಕ ಇದೆ ಅಂತಲೇ ಗೊತ್ತಾಗುವುದಿಲ್ಲ. ಖಾತೆಯನ್ನು 2 ವರ್ಷ ಮುಟ್ಟದಿದ್ದರೆ ಗೂಗಲ್ ಅದನ್ನು ಅಳಿಸಿಹಾಕಬಹುದು.

ಇಂಟರ್ನೆಟ್ ಆರ್ಕೈವ್‌ಗೆ ಪಿಡಿಎಫ್ ಹಾಕಿದರೆ ಓದುವ ಪುಟ, ಡೌನ್‌ಲೋಡ್, ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯವಾಗಿಸುವುದು) ಎಲ್ಲವೂ ತಾನೇ ಆಗುತ್ತದೆ. ಎಡವುವುದು ಭಾಷೆಯ ಕಲಮಿನಲ್ಲಿ. ಅಲ್ಲಿ ಕನ್ನಡ ಅಂತ ಕೊಡದೆ ಇಂಗ್ಲಿಷ್ ಅಂತ ಬಿಟ್ಟರೆ ಓಸಿಆರ್ ಪೂರಾ ಕಸ. ಶೀರ್ಷಿಕೆ, ಲೇಖಕರ ಹೆಸರು ಕನ್ನಡದಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಇರಲಿ. ಐಡೆಂಟಿಫೈಯರ್, ಅಂದರೆ ಪುಸ್ತಕದ ಕೊಂಡಿಯಲ್ಲಿ ಬರುವ ಹೆಸರನ್ನು ಆಮೇಲೆ ನೀವೇ ಬದಲಿಸಲು ಆಗದು, ನೋಡಿಕೊಂಡು ಇಡಿ. ಸ್ಕ್ಯಾನ್ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕೆ) ಕಡಿಮೆ ಬೇಡ. ಅಚ್ಚು ಚಿಕ್ಕದಿದ್ದರೆ 400. ಪಿಡಿಎಫ್ ಹಗುರ ಮಾಡಲು ಹೋಗಿ ಚಿತ್ರವನ್ನು ಹಿಂಡಿದರೆ ಮೊದಲು ಕೆಡುವುದೇ ಒತ್ತಕ್ಷರ.

ವಿಕಿಸೋರ್ಸ್ ನಿಧಾನ, ಆದರೆ ಪುಸ್ತಕ ನಿಜಕ್ಕೂ ಕನ್ನಡ ಪಠ್ಯವಾಗುವುದು ಇಲ್ಲಿಯೇ. ಆರ್ಕೈವ್‌ನಲ್ಲಿರುವ ಪ್ರತಿಯನ್ನು ಐಎ-ಅಪ್‌ಲೋಡ್ ಎಂಬ ಸಾಧನ ನೇರ ವಿಕಿಸೋರ್ಸ್ ಬಳಸುವ ಕಡತಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ದಾಟಿಸುತ್ತದೆ. ಕಾಮನ್ಸ್ ಅಮೆರಿಕದಲ್ಲೂ ಕಾಪಿರೈಟ್ ಮುಗಿದಿದೆಯೇ ಅಂತ ಕೇಳುವುದರಿಂದ, ಪ್ರಕಟವಾಗಿ 95 ವರ್ಷ ದಾಟಿದ ಪುಸ್ತಕದಿಂದಲೇ ಶುರು ಮಾಡಿ. ಆಮೇಲೆ ವಿಕಿಸೋರ್ಸ್‌ನಲ್ಲಿ ಪುಟದ ಚಿತ್ರ ಒಂದು ಕಡೆ, ಓಸಿಆರ್ ಪಠ್ಯ ಪಕ್ಕದಲ್ಲಿ. ನೋಡಿ ತಿದ್ದುತ್ತಾ ಹೋಗಬೇಕು. ತಿದ್ದಿದ ಪುಟ ಹಳದಿ, ಇನ್ನೊಬ್ಬರು ಪರಿಶೀಲಿಸಿದರೆ ಹಸಿರು. ಒಬ್ಬರೇ ಎರಡನ್ನೂ ಮಾಡುವಂತಿಲ್ಲ. ಈ ಎರಡನೇ ಕಣ್ಣು ಬೇರೆ ಎರಡು ಕಡೆಯೂ ಇಲ್ಲ, ನಾವು ವಿಕಿಸೋರ್ಸ್‌ಗೆ ಇಷ್ಟು ಒತ್ತು ಕೊಡುವುದೂ ಅದಕ್ಕೇ.

ತಿದ್ದುವಾಗ ಕಣ್ಣು ತಪ್ಪಿಸುವುದು ಅರ್ಕಾವತ್ತು ಮತ್ತು ಸೊನ್ನೆ. 'ಧರ್ಮ' ಅನ್ನುವುದು 'ಧಮ೯' ಆಗಿರುತ್ತದೆ: ಅಲ್ಲಿರುವುದು ಅರ್ಕಾವತ್ತಲ್ಲ, ಒಂಬತ್ತರ ಅಂಕಿ. 'ಅಂದು' ಬದಲು 'ಅ೦ದು', ಅಂದರೆ ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ. ಓದುವಾಗ ವ್ಯತ್ಯಾಸವೇ ಕಾಣದು, ಹುಡುಕಿದರೆ ಮಾತ್ರ ಆ ಪದ ಸಿಗುವುದಿಲ್ಲ. ಪುಟ ತೆರೆದ ಕೂಡಲೇ ೯ ಮತ್ತು ೦ ಹುಡುಕಿ, ನಿಜವಾದ ಅಂಕಿಗಳನ್ನು ಬಿಟ್ಟು ಉಳಿದವನ್ನು ಸರಿಪಡಿಸಿ. ಆಮೇಲೆ 'ಮ' ಮತ್ತು 'ವು' ಅದಲುಬದಲಾಗಿವೆಯೇ ಅಂತ ಚಿತ್ರದ ಜೊತೆ ಇಟ್ಟು ಓದಿ.