ಡೆಬಿಯನ್ ಸ್ಟೇಬಲ್: ನಮ್ಮ ಡಿಟಿಪಿ ಅಂಗಡಿಯಲ್ಲಿ 10ರಿಂದ 13ರವರೆಗೆ

ಉಡುಪಿಯಲ್ಲಿ ನಮ್ಮದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ನೇಮದ (ದೈವದ ಕೋಲದ) ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಮದುವೆ ಕಾಗದ ಇವೇ ಮುಖ್ಯ ಕೆಲಸ. ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್‌ನ ಒಂದು ಬಗೆ ಡೆಬಿಯನ್. 2019ರಲ್ಲಿ ಅದರ 10ನೇ ಆವೃತ್ತಿ ಬಂದಾಗಿನಿಂದ ಅಂಗಡಿಯ ಕಂಪ್ಯೂಟರ್‌ಗಳಲ್ಲಿ ಡೆಬಿಯನ್ನೇ ಇದೆ. ಈಗ 13ರಲ್ಲಿದ್ದೇವೆ.

ಅದಕ್ಕೂ ಮೊದಲು, ಸದಾ ಹೊಸತು ಬರುತ್ತಲೇ ಇರುವ ಇನ್ನೊಂದು ಲಿನಕ್ಸ್ ಇತ್ತು. ನೋಡಲು ಚಂದ, ವೇಗವೂ ಜಾಸ್ತಿ. ಆದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಹೊತ್ತಿನಲ್ಲೇ ಒಂದು ಅಪ್‌ಡೇಟ್ ಬಂದು ಪ್ರಿಂಟರ್ ನಿಂತುಹೋಯಿತು. "ಎಂತ ಮಾರಾಯ್ರೆ, ಸಂಜೆಗೆ ಬೇಕಿತ್ತಲ್ಲ" ಅಂತ ಗಿರಾಕಿ ಎದುರು ಕೂತಿದ್ದಾರೆ. ಅವರಿಗೆ ಡ್ರೈವರ್ ವಿಷಯ ಹೇಳಿ ಏನು ಪ್ರಯೋಜನ?

ಡೆಬಿಯನ್‌ನಲ್ಲಿ ಅನ್‌ಸ್ಟೇಬಲ್, ಟೆಸ್ಟಿಂಗ್, ಸ್ಟೇಬಲ್ ಅಂತ ಮೂರು ಹಂತ. ಹೊಸ ಪ್ಯಾಕೇಜ್, ಅಂದರೆ ಸಾಫ್ಟ್‌ವೇರ್, ಮೊದಲು ಅನ್‌ಸ್ಟೇಬಲ್‌ಗೆ ಬರುತ್ತದೆ. ಕೆಲವು ದಿನ ದೊಡ್ಡ ತೊಂದರೆ ಕಾಣದಿದ್ದರೆ ಟೆಸ್ಟಿಂಗ್‌ಗೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗನ್ನು ಫ್ರೀಜ್ ಮಾಡುತ್ತಾರೆ. ಆಮೇಲೆ ಹೊಸ ಫೀಚರ್ ಸೇರಿಸುವ ಹಾಗಿಲ್ಲ, ತಿಂಗಳುಗಟ್ಟಲೆ ಬಗ್ ತೆಗೆಯುವುದೇ ಕೆಲಸ. ಅದೇ ಕೊನೆಗೆ ಸ್ಟೇಬಲ್ ಆಗಿ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಮೇಲೂ ಭದ್ರತೆಯ ರಿಪೇರಿಯನ್ನು ಹೆಚ್ಚಾಗಿ ಹಳೆಯ ಆವೃತ್ತಿಗೇ ಹೊಂದಿಸಿ ಕೊಡುತ್ತಾರೆ. ಹೊಸತನ್ನು ತಂದು ಹಾಕುವುದಕ್ಕಿಂತ ಇದು ಕಷ್ಟದ ಕೆಲಸ. ಹೆಚ್ಚಿನವರು ಇದನ್ನು ಸಂಬಳ ಇಲ್ಲದೆ ಮಾಡುತ್ತಾರೆ. ನನಗೆ ಅವರ ಮೇಲೆ ತುಂಬ ಗೌರವ.

ಈ ಕಾಯುವಿಕೆಯ ಬೆಲೆ ನನಗೆ ಚೆನ್ನಾಗಿ ಅರ್ಥವಾದದ್ದು 2024ರ ಮಾರ್ಚ್‌ನಲ್ಲಿ. ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್ ಎಂಬ ಸಾಫ್ಟ್‌ವೇರ್‌ನ 5.6.0 ಮತ್ತು 5.6.1ರಲ್ಲಿ ಯಾರೋ ಬ್ಯಾಕ್‌ಡೋರ್, ಅಂದರೆ ಕಂಪ್ಯೂಟರ್‌ಗೆ ಕಳ್ಳದಾರಿ, ಅಡಗಿಸಿಟ್ಟಿದ್ದರು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದುದನ್ನು ಬೆನ್ನುಹತ್ತಿ ಆಂಡ್ರೆಸ್ ಫ್ರಾಯಿಂಡ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಅದನ್ನು ಹಿಡಿದರು. ಸಿಕ್ಕಿದ್ದು ಡೆಬಿಯನ್ ಅನ್‌ಸ್ಟೇಬಲ್‌ನಲ್ಲೇ. ಟೆಸ್ಟಿಂಗ್‌ಗೂ ಅದು ತಲುಪಿತ್ತು, ಸ್ಟೇಬಲ್‌ಗೆ ಬಂದಿರಲಿಲ್ಲ.

ಹಾಗಂತ ಸ್ಟೇಬಲ್‌ನಲ್ಲಿ ಬಗ್ ಇರುವುದೇ ಇಲ್ಲ ಅಂತಲ್ಲ. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12ರ ಸಣ್ಣ ಅಪ್‌ಡೇಟ್ ಆದ 12.3 ಹೊರಡುವ ಹೊತ್ತಿಗೆ 6.1.64 ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳಲ್ಲಿ) ಒಂದು ದೋಷ ಕಂಡಿತು. ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ext4 ಫೈಲ್ ಸಿಸ್ಟಂನ ಡೇಟಾವನ್ನು ಅದು ಕೆಡಿಸುತ್ತಿತ್ತು. ಹಳೆ ಕರ್ನಲ್‌ಗೆ ಒಂದು ರಿಪೇರಿ ತಂದಾಗ, ಅದರ ಜೊತೆ ಬರಬೇಕಿದ್ದ ಇನ್ನೊಂದು ಬಿಟ್ಟುಹೋಗಿತ್ತು. 12.3 ಅನ್ನು ತಡೆದು, ಡಿಸೆಂಬರ್ 10ಕ್ಕೆ 12.4 ಕೊಟ್ಟರು. ಎಷ್ಟೇ ಸ್ಥಿರ ಅಂದರೂ ಬ್ಯಾಕಪ್ ಬೇಕು.

ನನ್ನ ದೂರು ಇರುವುದು ಹಳೆಯ ಸಾಫ್ಟ್‌ವೇರ್ ಬಗ್ಗೆ. 12ರಲ್ಲಿ ವರ್ಡ್ ಬದಲು ಬಳಸುವ ಲಿಬ್ರೆಆಫೀಸ್ 7.4 ಕೊನೆಯವರೆಗೂ 7.4 ಆಗಿಯೇ ಉಳಿಯಿತು. ಗಿರಾಕಿ ಹೊಸ ವರ್ಡ್‌ನಲ್ಲಿ ಮಾಡಿ ತಂದ ಫೈಲ್ ತೆರೆದರೆ ಕೆಲವೊಮ್ಮೆ ಟೇಬಲ್ ಅಲ್ಲಾಡುತ್ತಿತ್ತು. ಚಿತ್ರ, ವಿನ್ಯಾಸ ಮಾಡುವ ಇಂಕ್‌ಸ್ಕೇಪನ್ನು ಮಾತ್ರ ಫ್ಲಾಟ್‌ಪ್ಯಾಕ್‌ನಿಂದ ಹಾಕಿಕೊಂಡೆವು. ಡೆಬಿಯನ್‌ನ ಪ್ಯಾಕೇಜ್‌ಗಳನ್ನು ಮುಟ್ಟದೆ ಸಾಫ್ಟ್‌ವೇರ್ ಬೇರೆಯಾಗಿ ಹಾಕುವ ವಿಧಾನ ಅದು. ಅಡಿಪಾಯ ಅಲ್ಲಾಡದೆ ಬೇಕಾದ ಒಂದು ಸಾಫ್ಟ್‌ವೇರ್ ಮಾತ್ರ ಹೊಸತಾಗುತ್ತದೆ, ಇದೇ ಸರಿಯಾದ ದಾರಿ ಅನ್ನಿಸುತ್ತದೆ. ಹೊಸ ಕರ್ನಲ್ ಬೇಕಾದರೆ, ಹೊಸ ಸಾಫ್ಟ್‌ವೇರನ್ನು ಸ್ಟೇಬಲ್‌ಗೆ ಹೊಂದಿಸಿ ಕೊಡುವ ಬ್ಯಾಕ್‌ಪೋರ್ಟ್ಸ್ ಇದೆ. ಆದರೂ ಹೊಚ್ಚ ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ, ಗೇಮ್ ಆಡುವವರಿಗೆ ನಾನು ಡೆಬಿಯನ್ ಹೇಳುವುದಿಲ್ಲ.

ನಮ್ಮ ಊರಿಗೆ ಇನ್ನೊಂದು ಅನುಕೂಲ ಇದೆ. 10, 11, 12, 13 ನಾಲ್ಕೂ ಬಂದದ್ದು ಜೂನ್‌ನಿಂದ ಆಗಸ್ಟ್ ಒಳಗೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದ ಮೇಲೆ ನೇಮವೂ ಇಲ್ಲ, ಮೇಳಗಳ ತಿರುಗಾಟವೂ ಇಲ್ಲ. ಅಂಗಡಿ ಖಾಲಿ ಇರುವ ಮಳೆಗಾಲವೇ ಅದು. 13 ಬಂದದ್ದು 2025ರ ಆಗಸ್ಟ್ 9ಕ್ಕೆ. ಮೊದಲು ಒಂದೇ ಕಂಪ್ಯೂಟರ್‌ಗೆ ಹಾಕಿ, ಹಳೆಯ ಆಮಂತ್ರಣಗಳನ್ನು ತೆರೆದು, ಒತ್ತಕ್ಷರ ಸರಿಯಾಗಿ ಪ್ರಿಂಟ್ ಆಗುತ್ತದಾ ನೋಡಿದೆವು. ಆಮೇಲೇ ಉಳಿದವಕ್ಕೆ ಹಾಕಿದ್ದು.